ಟೆಂಪೋ ರನ್ ಅಂದ್ರೆ ಟೆಂಪೋ ಹಿಂದೆ ಓಡೋದಾ? ಓಟದ ಪದಗಳಿಗೆ ಮಕ್ಕಳು ಕೊಟ್ಟ ಅರ್ಥ, ನಿಜವಾದ ಅರ್ಥ

"ನಾಳೆ ಬೆಳಿಗ್ಗೆ ಟೆಂಪೋ ಇದೆ ಕಣೇ, ಬೇಗ ಮಲಗ್ತೀನಿ" ಅಂತ ಫೋನಲ್ಲಿ ಹೇಳ್ತಿದ್ದೆ, ಪಕ್ಕದಲ್ಲಿ ಕೂತು ಮಾವಿನ ಓಟೆ ಚೀಪ್ತಿದ್ದ ನನ್ನ ಮಗಳು ತಲೆ ಎತ್ತಿ "ಅಮ್ಮ, ಯಾರು ಮನೆ ಖಾಲಿ ಮಾಡ್ತಿದಾರೆ?" ಅಂದ್ಲು.

ಅವಳಿಗೆ ಏಳು ವರ್ಷ. ಟೆಂಪೋ ಅಂದ್ರೆ ಅವಳು ಕಂಡಿರೋದು ಬೀರು ಮಂಚ ಗ್ಯಾಸ್ ಸಿಲಿಂಡರ್ ಎಲ್ಲಾ ಹೇರ್ಕೊಂಡು ಹಗ್ಗ ಬಿಗಿದುಕೊಂಡು ಹೋಗೋ ಗಾಡಿ. ಅಲ್ಲ ಪುಟ್ಟಿ, ಟೆಂಪೋ ರನ್, ಓಡೋದು ಅಂದೆ. ಅದಕ್ಕೆ ರಜಕ್ಕೆ ಬಂದಿದ್ದ ನಮ್ಮಕ್ಕನ ಮಗ, ಅವನಿಗೆ ಹತ್ತು, "ಗೊತ್ತಾಯ್ತು ಬಿಡಿ ಚಿಕ್ಕಮ್ಮ, ಟೆಂಪೋ ಹಿಂದೆ ಓಡೋದು, ಸಾಮಾನು ಬಿದ್ರೆ ಎತ್ಕೊಳ್ಳೋಕೆ" ಅಂದ. ಅಲ್ಲಿಂದ ಶುರುವಾಯ್ತು ಆಟ, ನಾನು ಒಂದು ಪದ ಹೇಳೋದು ಅವರು ಅರ್ಥ ಹೇಳೋದು, ಮಾರನೇ ದಿನ ಮೇಲಿನ ಮನೆ ಐದು ವರ್ಷದ ಹುಡುಗನೂ ಸೇರ್ಕೊಂಡ.

ಇದನ್ನ ಬರೀಬೇಕು ಅನ್ಸಿದ್ದಕ್ಕೆ ಇನ್ನೊಂದು ಕಾರಣ ಇದೆ. ನಾವೊಂದಷ್ಟು ಜನ ಹೆಂಗಸರು ಮೈಸೂರಲ್ಲಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಡ್ತೀವಿ. ನಮ್ಮ ಬೀದಿಯವ್ರೇ ಒಬ್ರು, ಐವತ್ತು ದಾಟಿದವ್ರು, ನಾಲ್ಕು ದಿನ ಬಂದು ಐದನೇ ದಿನ ನಿಲ್ಲಿಸಿಬಿಟ್ರು. ಯಾಕಕ್ಕ ಅಂದ್ರೆ "ನೀವು ಮಾತಾಡೋ ಭಾಷೆ ನಂಗೆ ಒಂದೂ ಗೊತ್ತಾಗಲ್ಲಮ್ಮ, ನಂಗಲ್ಲ ಬಿಡು ಅದು" ಅಂದ್ರು. ತುಂಬಾ ಬೇಜಾರಾಯ್ತು. ಕಾಲಲ್ಲಿ ಮಾಡೋ ಕೆಲಸಕ್ಕೆ ನಾಲಿಗೆ ಅಡ್ಡ ಬಂತಲ್ಲ ಅಂತ. ಅದಕ್ಕೇ ಪದಗಳನ್ನ ಒಂದೊಂದಾಗಿ ಬಿಡಿಸಿ ಹೇಳ್ತೀನಿ, ಮಕ್ಕಳ ಕೈ ಹಿಡ್ಕೊಂಡೇ.

ಟೆಂಪೋ ರನ್ ಇಂದಾನೇ ಶುರು ಮಾಡೋಣ. ಆರಾಮಾಗಿ ಓಡೋದೂ ಅಲ್ಲ, ಜೀವ ಬಿಟ್ಟು ಓಡೋದೂ ಅಲ್ಲ, ಎರಡರ ಮಧ್ಯದ್ದು. ಕಷ್ಟ ಅನ್ನಿಸ್ಬೇಕು ಆದ್ರೆ ಕೈ ಮೀರಬಾರದು. ನಾನು ಹೊಸಬರಿಗೆ ಹೇಳೋ ಗುರುತು ಇದು: ಪಕ್ಕದವ್ರು ಏನಾದ್ರೂ ಕೇಳಿದ್ರೆ "ಹೂಂ, ಬಂದೆ, ನಡೀರಿ" ಅನ್ನೋಕಾಗ್ಬೇಕು, ಅತ್ತೆ ಮನೆ ಕತೆ ಹೇಳೋಕೆ ಆಗಬಾರದು. ಪೂರ್ತಿ ಜೋರು ಹಾಕಿದ್ರೆ ಹೆಚ್ಚುಕಮ್ಮಿ ಒಂದು ಗಂಟೆ ಹಿಡ್ಕೋಬಹುದಾದ ವೇಗ ಅದು, ಅದರಲ್ಲಿ ಒಂದು ಇಪ್ಪತ್ತು ನಿಮಿಷ ಓಡಿದ್ರೆ ಟೆಂಪೋ ಆಯ್ತು. ಸ್ನಾಯು ದುಡಿದಾಗ ಹುಟ್ಟೋ ಲ್ಯಾಕ್ಟೇಟ್ ಅನ್ನ ದೇಹ ಅಲ್ಲಲ್ಲೇ ಖರ್ಚು ಮಾಡ್ಕೊಂಡು ಹೋಗೋ ಗಡಿ ಒಂದಿರುತ್ತೆ, ಅದನ್ನ ದಾಟಿದ್ರೆ ಹುಟ್ಟೋದು ಜಾಸ್ತಿ ಖರ್ಚಾಗೋದು ಕಮ್ಮಿ, ಬೇಗ ಸುಸ್ತು. ಆ ಗಡಿಯನ್ನ ಸ್ವಲ್ಪ ಸ್ವಲ್ಪ ಆಚೆಗೆ ತಳ್ಳೋಕೇ ಈ ಓಟ.

ಮಕ್ಕಳು ಹೇಳಿದ್ದು ಸುಮ್ನೆ ತಮಾಷೆ ಅಂದ್ಕೊಂಡಿದ್ದೆ, ಆದ್ರೆ ಬೀರು ಹೊರೋ ಟೆಂಪೋಗೂ ಇದಕ್ಕೂ ನಿಜವಾಗ್ಲೂ ನೆಂಟಸ್ತನ ಇದೆ ನೋಡಿ. ಟೆಂಪೋ ಅನ್ನೋದು ಜರ್ಮನಿಯ ಹ್ಯಾಂಬರ್ಗ್ ಕಡೆಯ ಒಂದು ಗಾಡಿ ಕಂಪನಿಯ ಬ್ರ್ಯಾಂಡ್, ಅವರ ಮೂರು ಚಕ್ರದ ಗಾಡಿ ಇಲ್ಲಿ ಬಜಾಜ್ ಟೆಂಪೋ ಹೆಸರಲ್ಲಿ ತಯಾರಾಗಿ ಊರೂರಿಗೂ ಬಂತು, ಆಮೇಲೆ ಅಂಥಾ ಗಾಡಿಗೆಲ್ಲಾ ನಮ್ಮ ಜನ ಟೆಂಪೋ ಅಂದ್ರು. ಜರ್ಮನ್‌ನಲ್ಲಿ ಟೆಂಪೋ ಅಂದ್ರೆ ವೇಗ. ಓಟದ ಟೆಂಪೋನೂ ಅದೇ ಪದ.

ಇನ್ನು ಮನೆಯೆಲ್ಲಾ ಬಿದ್ದು ಬಿದ್ದು ನಕ್ಕಿದ್ದು ಫಾರ್ಟ್‌ಲೆಕ್‌ಗೆ. ಆ ಪದ ನನ್ನ ಬಾಯಿಂದ ಪೂರ್ತಿ ಬರೋಕೆ ಮುಂಚೆನೇ ಇಂಗ್ಲಿಷ್ ಮೀಡಿಯಂ ಮಕ್ಕಳು ಮೂರೂ ಮೂಗು ಮುಚ್ಕೊಂಡ್ವು. ಅಕ್ಕನ ಮಗ ಎದ್ದು ನಿಂತು ಘೋಷಣೆ ಮಾಡಿದ, "ಫಾರ್ಟ್ ಅಂದ್ರೆ ಹೂಸು, ಲೆಕ್ ಅಂದ್ರೆ ಲೆಕ್ಕ. ಓಡುವಾಗ ಎಷ್ಟು ಸಲ ಬಿಟ್ರಿ ಅಂತ ಲೆಕ್ಕ ಇಡೋದು." ನಮ್ಮಮ್ಮ ದೇವರಮನೆಯಿಂದ "ಏನೋ ಅದು ಅಸಹ್ಯ" ಅಂತ ಕೂಗಿ ಆಮೇಲೆ ಅಲ್ಲೇ ಕೂತು ನಕ್ಕಿದ್ದು ಕೇಳಿಸ್ತು.

ಇದು ಸ್ವೀಡಿಷ್ ಪದ. ಫಾರ್ಟ್ ಅಂದ್ರೆ ವೇಗ, ಲೆಕ್ ಅಂದ್ರೆ ಆಟ. ವೇಗದಾಟ. 1920ರ ದಶಕದಲ್ಲಿ ಫಿನ್ಲೆಂಡಿನ ಪಾವೊ ನೂರ್ಮಿ ಮುಂದೆ ಸ್ವೀಡನ್‌ನವ್ರು ಸೋತು ಸುಣ್ಣ ಆಗ್ತಿದ್ರು, ಆಮೇಲೆ 1930ರ ದಶಕದಲ್ಲಿ ಗೋಸ್ಟಾ ಹೋಲ್ಮೇರ್ ಅನ್ನೋ ಕೋಚ್ ಇದನ್ನ ಹುಟ್ಟುಹಾಕಿದ್ರು. ಟ್ರ್ಯಾಕ್ ಬಿಟ್ಟು ಕಾಡಿಗೆ ಹೋಗಿ, ಮನಸ್ಸು ಬಂದಾಗ ಜೋರಾಗಿ ಓಡಿ, ಸಾಕು ಅನ್ಸಿದಾಗ ನಿಧಾನ ಮಾಡಿ, ಮತ್ತೆ ಆ ಮರ ಕಂಡಾಗ ಜೋರು. ವಾಚ್ ನೋಡೋ ಹಂಗಿಲ್ಲ. ಅದೇ ಸ್ವೀಡನ್‌ನಲ್ಲಿ ಕಾಡಲ್ಲಿ ಹೀಗೆ ಓಡಿ ಬೆಳೆದ ಗುಂಡರ್ ಹೆಗ್ 1945ರಲ್ಲಿ ಒಂದು ಮೈಲಿಯನ್ನ 4 ನಿಮಿಷ 1.4 ಸೆಕೆಂಡಲ್ಲಿ ಓಡಿದ್ರು, ಆ ದಾಖಲೆ ಮುರಿಯೋಕೆ 1954ರಲ್ಲಿ ರೋಜರ್ ಬ್ಯಾನಿಸ್ಟರ್ ಬರಬೇಕಾಯ್ತು. ನಾವು ಕೆರೆ ಏರಿ ಮೇಲೆ ಮಾಡೋದೂ ಇದೇ, ಈ ಬೆಂಚಿಂದ ಆ ಹುಣಸೇಮರದ ತನಕ ಜೋರು, ಅಲ್ಲಿಂದ ಆ ಕೆಂಪು ಶಾಲಿನ ಅಜ್ಜನ ತನಕ ನಿಧಾನ. ಹೊಸದಾಗಿ ಓಡೋಕೆ ಶುರು ಮಾಡಿದವ್ರಿಗೆ ಇದಕ್ಕಿಂತ ಒಳ್ಳೇ ಅಭ್ಯಾಸ ನಂಗೆ ಗೊತ್ತಿಲ್ಲ, ಯಾಕಂದ್ರೆ ಇದರಲ್ಲಿ ತಪ್ಪು ಮಾಡೋಕೇ ಆಗಲ್ಲ.

ಹಿಟ್ಟಿಂಗ್ ದ ವಾಲ್. ಇದಕ್ಕೆ ಕ್ರಿಕೆಟ್ ಹುಚ್ಚಿನ ಹುಡುಗ ಒಂದು ಸೆಕೆಂಡೂ ಯೋಚನೆ ಮಾಡ್ಲಿಲ್ಲ, ಮುಖ ಗಂಭೀರ ಮಾಡ್ಕೊಂಡು "ದ್ರಾವಿಡ್‌ಗೆ ಹೊಡೆಯೋದು, ಅದು ತಪ್ಪು" ಅಂದ. ಕನ್ನಡದ ಮಕ್ಕಳಿಗೆ ಬಿಟ್ರೆ ಇನ್ಯಾರಿಗೆ ಹೊಳೆಯುತ್ತೆ ಹೇಳಿ ಈ ಅರ್ಥ! ಇದನ್ನೇ ಬಾಂಕ್ ಅಂತಾನೂ ಅಂತಾರೆ ಕಣೋ, ಮೂವತ್ತು ಕಿಲೋಮೀಟರ್ ಆದ್ಮೇಲೆ ಕೆಲವ್ರು ಬಾಂಕ್ ಆಗ್ತಾರೆ ಅಂದೆ. ಆಗ ಮೇಲಿನ ಮನೆ ಪುಟಾಣಿ ಮೆಲ್ಲಗೆ "ಪೆಟ್ರೋಲ್ ಬಂಕಾ ಆಂಟಿ?" ಅಂತ ಕೇಳಿದ.

ಹೌದು ಕಂದ, ಅದೇ. ಇಷ್ಟು ವರ್ಷದಲ್ಲಿ ನಾನು ಯಾರಿಗೂ ಇಷ್ಟು ಸರಿಯಾಗಿ ಹೇಳೋಕಾಗಿರ್ಲಿಲ್ಲ. ನಾವು ತಿನ್ನೋ ಅನ್ನ ಮುದ್ದೆ ಚಪಾತಿ ಎಲ್ಲಾ ಒಳಗೆ ಹೋಗಿ ಗ್ಲೂಕೋಸ್ ಆಗುತ್ತೆ, ತಕ್ಷಣಕ್ಕೆ ಬೇಡದ್ದು ಗ್ಲೈಕೋಜನ್ ಅನ್ನೋ ರೂಪದಲ್ಲಿ ಸ್ನಾಯುಗಳಲ್ಲೂ ಲಿವರಲ್ಲೂ ಕೂತ್ಕೊಳ್ಳುತ್ತೆ. ಅದೇ ನಮ್ಮ ಪೆಟ್ರೋಲ್ ಟ್ಯಾಂಕ್. ದೊಡ್ಡವರ ಟ್ಯಾಂಕ್ ಸುಮಾರು 400-500 ಗ್ರಾಂ, ಅಂದ್ರೆ ಹೆಚ್ಚುಕಮ್ಮಿ 2000 ಕ್ಯಾಲೊರಿ. ಓಡೋಕೆ ಎಷ್ಟು ಬೇಕು? ಒಂದು ಕಿಲೋ ತೂಕಕ್ಕೆ ಒಂದು ಕಿಲೋಮೀಟರಿಗೆ ಸುಮಾರು ಒಂದು ಕ್ಯಾಲೊರಿ, ಹಾಗಾಗಿ 60 ಕೆಜಿ ಇರೋವ್ರಿಗೆ 42.195 ಕಿಲೋಮೀಟರಿನ ಮ್ಯಾರಥಾನ್‌ಗೆ 2500 ಹತ್ರ. ಲೆಕ್ಕ ನೀವೇ ಹಾಕಿ, ಮೂವತ್ತು ಮೂವತ್ತೈದರ ಹತ್ರ ಟ್ಯಾಂಕ್ ತಳ ಕಾಣುತ್ತೆ. ಕೊಬ್ಬು ಇದೆಯಲ್ಲ ಅಂದ್ರೆ ಇದೆ, ಬೇಕಾದಷ್ಟಿದೆ, ಆದ್ರೆ ಅದು ಹಸಿ ಸೌದೆ ಥರ, ಉರಿಯುತ್ತೆ ಆದ್ರೆ ನಿಧಾನಕ್ಕೆ, ಅದೊಂದನ್ನೇ ನಂಬಿಕೊಂಡು ಅದೇ ವೇಗದಲ್ಲಿ ಓಡೋಕಾಗಲ್ಲ. ಆಗ ಕಾಲು ಕಲ್ಲು ಕಟ್ಟಿದಂಗಾಗುತ್ತೆ, ತಲೆ ಮಂಜು ಹಿಡಿದಂಗೆ, ಎದುರಿಗೆ ಗೋಡೆ ಬಂದಂಗೇ. ಅದಕ್ಕೇ ವಾಲ್ ಅಂದಿದ್ದು.

ಇದರ ಬೆನ್ನಿಗೇ ಕಾರ್ಬ್ ಲೋಡಿಂಗ್ ಕೇಳಿದೆ. ಮಗಳು "ಕಾರ್ ಲೋಡಿಂಗ್ ಅಲ್ವಾ, ಧರ್ಮಸ್ಥಳಕ್ಕೆ ಹೋಗುವಾಗ ಅಪ್ಪ ಡಿಕ್ಕಿಗೆಲ್ಲಾ ತುಂಬ್ತಾರಲ್ಲ" ಅಂದ್ಲು. ಇದೂ ಸರಿನೇ ಅಲ್ವಾ, ದೂರದ ದಾರಿ, ಹೊರಡೋ ಮುಂಚೆ ತುಂಬ್ಕೋಬೇಕು. ದೊಡ್ಡ ಓಟಕ್ಕೆ ಎರಡು ಮೂರು ದಿನ ಇರೋವಾಗಿಂದ ಕಾರ್ಬ್, ಅಂದ್ರೆ ಕಾರ್ಬೋಹೈಡ್ರೇಟ್ ಇರೋ ಅನ್ನ ಆಲೂಗಡ್ಡೆ ಇಡ್ಲಿ ಇಂಥದ್ದನ್ನ ಜಾಸ್ತಿ ಮಾಡಿ ಓಟ ಕಮ್ಮಿ ಮಾಡಿ ಟ್ಯಾಂಕ್ ಫುಲ್ ಮಾಡ್ಕೊಳ್ಳೋದು. ಹಿಂದಿನ ರಾತ್ರಿ ಒಂದೇ ಸಲ ಹೊಟ್ಟೆ ಬಿರಿಯಾ ಬಿಸಿಬೇಳೆಬಾತ್ ತಿಂದ್ರೆ ಅದು ಕಾರ್ಬ್ ಲೋಡಿಂಗ್ ಅಲ್ಲ, ಬೆಳಿಗ್ಗೆ ಬರೋದು ಹೊಟ್ಟೆನೋವು. ತೂಕ ಒಂದು ಕಿಲೋ ಏರಿದ್ರೆ ಗಾಬರಿ ಬೇಡ, ಗ್ಲೈಕೋಜನ್ ಕೂರುವಾಗ ಒಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನೂ ಜೊತೆಗೆ ಹಿಡ್ಕೊಂಡಿರುತ್ತೆ.

ಇದನ್ನ ಕಂಡುಹಿಡಿದ ಕತೆ ಹೇಳಿದಾಗ ಮಕ್ಕಳು ಬಾಯಿ ಬಿಟ್ಕೊಂಡು ಕೇಳಿದ್ವು. 1966ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್, ಹುಲ್ಟ್‌ಮನ್ ಅನ್ನೋ ಇಬ್ರು ವಿಜ್ಞಾನಿಗಳು ತಮ್ಮ ಮೇಲೇ ಪ್ರಯೋಗ ಮಾಡ್ಕೊಂಡ್ರು. ಒಂದೇ ಸೈಕಲ್ ಯಂತ್ರ, ಆ ಕಡೆ ಒಬ್ರು ಈ ಕಡೆ ಒಬ್ರು, ಒಬ್ಬೊಬ್ರು ಒಂದೊಂದು ಕಾಲಲ್ಲಿ ಮಾತ್ರ ಸುಸ್ತಾಗೋ ತನಕ ತುಳಿಯೋದು. ಆಮೇಲೆ ಮೂರು ದಿನ ಕಾರ್ಬ್ ಊಟ, ತೊಡೆಯಿಂದ ಸೂಜಿಯಲ್ಲಿ ಸ್ನಾಯುವಿನ ಚೂರು ತೆಗೆದು ನೋಡಿದ್ರೆ ತುಳಿದ ಕಾಲಲ್ಲಿ ಸುಮ್ನಿದ್ದ ಕಾಲಿಗಿಂತ ಸುಮಾರು ಎರಡು ಪಟ್ಟು ಗ್ಲೈಕೋಜನ್. ಖಾಲಿ ಮಾಡಿದ ಕಾಲೇ ಜಾಸ್ತಿ ತುಂಬ್ಕೊಂಡಿತ್ತು. ಮಕ್ಕಳಿಬ್ರೂ ಮಾರನೇ ದಿನ ಅಂಗಳದಲ್ಲಿ ಒಂದೇ ಸೈಕಲ್ಲನ್ನ ಸ್ಟ್ಯಾಂಡ್ ಹಾಕಿ ಆಚೆ ಒಬ್ರು ಈಚೆ ಒಬ್ರು ನಿಂತು ತುಳೀತಿದ್ರು.

ಪೇಸರ್ ಅಂದ್ರೆ ಫಾಸ್ಟ್ ಬೌಲರ್. ಜಾವಗಲ್ ಶ್ರೀನಾಥ್ ಊರಲ್ಲಿ ಈ ಉತ್ತರಕ್ಕೆ ತಪ್ಪು ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ಓಟದಲ್ಲಿ ಪೇಸರ್ ಅಂದ್ರೆ ಒಂದೇ ಹದದಲ್ಲಿ ಓಡಿ ಹಿಂದಿನವರಿಗೆ ದಾರಿ ಮಾಡ್ಕೊಡೋವ್ರು. ನಮ್ಮ ಊರಿನ ಓಟಗಳಲ್ಲಿ ಬೆನ್ನಿಗೆ ಬಾವುಟ ಕಟ್ಕೊಂಡಿರ್ತಾರೆ, ಅದರ ಮೇಲೆ ಎಷ್ಟು ಹೊತ್ತಿಗೆ ಮುಗಿಸ್ತಾರೆ ಅಂತ ಬರೆದಿರುತ್ತೆ, ಅವರ ಹಿಂದೆ ಅಂಟ್ಕೊಂಡ್ರೆ ಆಯ್ತು. 2019ರ ಅಕ್ಟೋಬರಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನ 1 ಗಂಟೆ 59 ನಿಮಿಷ 40 ಸೆಕೆಂಡಲ್ಲಿ ಓಡಿದ್ದು ಸರದಿ ಮೇಲೆ ಬದಲಾಗ್ತಿದ್ದ 41 ಪೇಸರ್‌ಗಳ ನಡುವೆ, ಅದಕ್ಕೇ ಅದು ಅಧಿಕೃತ ದಾಖಲೆ ಆಗ್ಲಿಲ್ಲ. ನಂಗೇನೋ ಆ 41 ಜನರ ಬಗ್ಗೆ ಕಿಪ್ಚೋಗೆ ಬಗ್ಗೆ ಇರೋಷ್ಟೇ ಗೌರವ ಇದೆ.

ನೆಗೆಟಿವ್ ಸ್ಪ್ಲಿಟ್ ಅಂದ್ರೆ ಓಡುವಾಗ ಪ್ಯಾಂಟ್ ಹಿಂದ್ಗಡೆ ಹರಿದುಹೋಗೋದು, ನೆಗೆಟಿವ್ ಯಾಕಂದ್ರೆ ಎಲ್ರೂ ನಗ್ತಾರೆ, ಇದು ಮಗಳ ಉತ್ತರ. ನಿಜವಾದದ್ದು, ಎರಡನೇ ಅರ್ಧವನ್ನ ಮೊದಲ ಅರ್ಧಕ್ಕಿಂತ ಬೇಗ ಓಡೋದು. ಹೇಳೋಕೆ ಸುಲಭ, ಶುರುವಲ್ಲಿ ಕಾಲು ಹಗುರ ಇರೋವಾಗ ಕಡಿವಾಣ ಹಾಕೋದು ಎಷ್ಟು ಕಷ್ಟ ಅಂತ ಓಡಿದವ್ರಿಗೇ ಗೊತ್ತು. 2023ರಲ್ಲಿ ಶಿಕಾಗೋ ಮ್ಯಾರಥಾನಲ್ಲಿ ಕೆಲ್ವಿನ್ ಕಿಪ್ಟಮ್ ಮೊದಲ ಅರ್ಧ 60 ನಿಮಿಷ 48 ಸೆಕೆಂಡ್, ಎರಡನೇ ಅರ್ಧ 59 ನಿಮಿಷ 47 ಸೆಕೆಂಡ್, ಒಟ್ಟು 2:00:35, ಆಗ ಅದು ವಿಶ್ವದಾಖಲೆ. ನಾಲ್ಕು ತಿಂಗಳಾದ್ಮೇಲೆ ಕೀನ್ಯಾದಲ್ಲಿ ಕಾರ್ ಅಪಘಾತದಲ್ಲಿ ತೀರ್ಕೊಂಡ್ರು, 24 ವಯಸ್ಸು. ಈ ಪದ ಹೇಳುವಾಗೆಲ್ಲಾ ನಂಗೆ ಅವರ ನೆನಪಾಗುತ್ತೆ.

ಚಿಕ್ಕಪುಟ್ಟವು ಬೇಗ ಹೇಳ್ಬಿಡ್ತೀನಿ. ಚಿಪ್ ಟೈಮ್ ಅಂದ್ರೆ ಚಿಪ್ಸ್ ತಿನ್ನೋ ಟೈಮ್ ಅಂದ ಪುಟಾಣಿ, ಅಲ್ಲ, ಎದೆ ಮೇಲೆ ಪಿನ್ ಹಾಕೊಳ್ಳೋ ನಂಬರ್ ಚೀಟಿ ಹಿಂದೆ ಒಂದು ಸಣ್ಣ ಚಿಪ್ ಇರುತ್ತೆ, ನೀವು ಶುರುವಿನ ಗೆರೆ ದಾಟಿದಾಗ ಲೆಕ್ಕ ಶುರು, ಕೊನೆ ಗೆರೆ ದಾಟಿದಾಗ ಮುಗೀತು, ಹಿಂದೆ ನಿಂತಿದ್ರಿ ಅಂತ ನಷ್ಟ ಇಲ್ಲ. ಆ ಚೀಟಿಗೆ ಬಿಬ್ ಅಂತಾರೆ, ಪಾಪುಗೆ ಊಟ ಮಾಡಿಸುವಾಗ ಕಟ್ಟೋದಲ್ವಾ ಅಂದ್ರು ಮೂವರೂ, ಹೌದು ಪದ ಅದೇ, ಕಟ್ಟೋ ಜಾಗನೂ ಅದೇ. ಪಿಬಿ ಅಂದ್ರೆ ಪಾನಿಪೂರಿ ಬೇಕು ಅಂತೆ. ಪರ್ಸನಲ್ ಬೆಸ್ಟ್, ಆ ದೂರಕ್ಕೆ ನಿಮ್ಮದೇ ಅತಿ ಒಳ್ಳೇ ಟೈಮ್. ಡಿಎನ್‌ಎಫ್‌ಗೆ "ದೋಸೆ ನಂಗೆ ಫಸ್ಟ್" ಅಂದ್ಲು ಮಗಳು. ಡಿಡ್ ನಾಟ್ ಫಿನಿಶ್, ಶುರು ಮಾಡಿ ಮುಗಿಸ್ಲಿಲ್ಲ ಅಂತ. ಇದನ್ನ ಬೈಗುಳ ಥರ ಆಡೋವ್ರನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ. ಮೊಣಕಾಲು ಬೇಡ ಅಂದಾಗ ನಿಲ್ಲೋದು ಬುದ್ಧಿವಂತಿಕೆ.

ಹಿಲ್ ರಿಪೀಟ್ ಅಂದಾಗ ಅಕ್ಕನ ಮಗ ನಿಟ್ಟುಸಿರು ಬಿಟ್ಟು "ಬೆಟ್ಟದ ಇಂಪೋಸಿಷನ್" ಅಂದ. ನೂರಕ್ಕೆ ನೂರು ಮಾರ್ಕ್ಸ್. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಒಂದು ಏರು ಆರಿಸ್ಕೊಂಡು ಹತ್ತೋದು, ಮೆಲ್ಲಗೆ ಇಳಿಯೋದು, ಮತ್ತೆ ಅದೇ ಏರು, ಮತ್ತೆ ಅದೇ. ಬರೆದಿದ್ದನ್ನೇ ಬರೆದಂಗೆ.

ಟೇಪರ್ ಅನ್ನೋದು ಅವರಿಗೆ ಡಯಾಪರ್ ಆಗಿ ಕೇಳಿಸ್ತು, ಅದರ ಮೇಲೆ ಹುಟ್ಟಿದ ಜೋಕ್‌ಗಳನ್ನ ಇಲ್ಲಿ ಬರೆಯಲ್ಲ. ಅರ್ಥ ಹೇಳೋಕೆ ನಂಗೆ ಸಹಾಯ ಮಾಡಿದ್ದು ಅಮ್ಮ ಹೆಚ್ಚೋಕೆ ಇಟ್ಟಿದ್ದ ಬೆಂಡೆಕಾಯಿ. ತೊಟ್ಟಿನ ಕಡೆ ದಪ್ಪ, ತುದಿಗೆ ಬರ್ತಾ ಬರ್ತಾ ಸಣ್ಣ. ಓಟದ ದಿನಕ್ಕೆ ಎರಡು ಮೂರು ವಾರ ಇರೋವಾಗ ವಾರದ ಕಿಲೋಮೀಟರ್‌ಗಳನ್ನ ಹೀಗೇ ಸಣ್ಣ ಮಾಡ್ತಾ ಬರೋದೇ ಟೇಪರ್, ದೇಹ ರಿಪೇರಿ ಮಾಡ್ಕೊಂಡು ತಾಜಾ ಆಗ್ಲಿ ಅಂತ. ಮಗಳು ಬೆಂಡೆಕಾಯಿ ತುದಿ ಲಟಕ್ ಅಂತ ಮುರಿದು "ಇದು ಭಾನುವಾರ" ಅಂದ್ಲು.

ಹೋದ ಭಾನುವಾರ ಮೂವರನ್ನೂ ಕೆರೆಗೆ ಕರ್ಕೊಂಡು ಹೋಗಿದ್ದೆ. ಓಡೋದು ಬಿಟ್ಟಿದ್ರಲ್ಲ ಆ ನಮ್ಮ ಬೀದಿಯವ್ರೂ ಮಕ್ಕಳ ಕತೆ ಕೇಳಿ ಜೊತೆಗೆ ಬಂದ್ರು. ಬೆಂಚಿಂದ ಹುಣಸೇಮರಕ್ಕೆ, ಮರದಿಂದ ಇನ್ನೊಂದು ಬೆಂಚಿಗೆ, ನಾಲ್ಕು ಸಲ ಆಯ್ತು. ಐದನೇದಕ್ಕೆ ಪುಟಾಣಿ ದಾರಿ ಮಧ್ಯೆನೇ ಧೂಳಲ್ಲಿ ಕೂತ್ಬಿಟ್ಟು "ಅಜ್ಜಿ, ಬಂಕ್" ಅಂದ. ಅವರು ಚೀಲದಿಂದ ಬಾಳೆಹಣ್ಣು ತೆಗೆದು, ಸಿಪ್ಪೆ ಸುಲಿದು, ಅರ್ಧ ಮುರಿದು ಅವನ ಕೈಗಿಟ್ರು, ಉಳಿದರ್ಧ ತಾವು ತಿಂದು "ಈಗ ಯಾವ ಮರದ ತನಕ?" ಅಂದ್ರು.