ಹಂತಕರು ತೆಗೆದ ಚಿತ್ರ, ಬದುಕುಳಿದವರು ನುಡಿದ ಸಾಕ್ಷ್ಯ

1942ರ ಮೇ ತಿಂಗಳಲ್ಲಿ ನಾಜಿ ಚಿತ್ರತಂಡವೊಂದು ಪೋಲೆಂಡಿನ ವಾರ್ಸಾದ ಘೆಟ್ಟೋದೊಳಗೆ ಚಿತ್ರೀಕರಣ ನಡೆಸಿತು. ಗೋಡೆ ಕಟ್ಟಿ ಯಹೂದಿಗಳನ್ನು ಕೂಡಿಹಾಕಿದ್ದ ಆ ಬೀದಿಗಳಲ್ಲಿ ಜನ ಹಸಿವಿನಿಂದ, ಟೈಫಸ್ ಜ್ವರದಿಂದ ಸಾಯುತ್ತಿದ್ದರು. ಜುಲೈ 22ರಿಂದ ಅವರನ್ನು ಟ್ರೆಬ್ಲಿಂಕಾದ ಹತ್ಯಾ ಶಿಬಿರಕ್ಕೆ ಸಾಗಿಸತೊಡಗಿದರು. ಚಿತ್ರ ಮುಗಿಯಲೇ ಇಲ್ಲ. ಯುದ್ಧದ ನಂತರ ಪೂರ್ವ ಜರ್ಮನಿಯಲ್ಲಿ ಅದರ ಸುಮಾರು ಒಂದು ಗಂಟೆಯಷ್ಟು ಮೂಕಿ ರೀಲುಗಳು ಸಿಕ್ಕವು. ಎಷ್ಟೋ ಸಾಕ್ಷ್ಯಚಿತ್ರಗಳು ಅವನ್ನೇ ಘೆಟ್ಟೋ ಬದುಕಿನ ನೇರ ದಾಖಲೆಯೆಂದು ಬಳಸಿಕೊಂಡವು.

1998ರಲ್ಲಿ ಇನ್ನೊಂದು ರೀಲು ಸಿಕ್ಕಾಗ ಗುಟ್ಟು ಬಯಲಾಯಿತು. ಕತ್ತರಿಸಿ ಬಿಟ್ಟ ಶಾಟ್‌ಗಳು ಅದರಲ್ಲಿದ್ದವು. ಉಳ್ಳ ಯಹೂದಿಗಳು ಹಸಿದವರನ್ನು ಕಣ್ಣೆತ್ತಿಯೂ ನೋಡದೆ ಹೋಗುವಂಥ ದೃಶ್ಯಗಳನ್ನು ಮತ್ತೆ ಮತ್ತೆ ಮಾಡಿಸಿ ತೆಗೆದಿದ್ದರು. ಕೆಲವು ಕಡೆ ಕ್ಯಾಮೆರಾ ಹಿಡಿದವನೇ ಚೌಕಟ್ಟಿನೊಳಗೆ ಕಾಣಿಸುತ್ತಾನೆ. ಘೆಟ್ಟೋ ಆಡಳಿತಕ್ಕೆ ನಾಜಿಗಳು ನೇಮಿಸಿದ್ದ ಯಹೂದಿ ಮಂಡಳಿಯ ಮುಖ್ಯಸ್ಥ ಆಡಂ ಚೆರ್ನಿಯಾಕೋವ್ ಕೂಡ ತಮ್ಮ ಮನೆಗೆ ನುಗ್ಗಿದ ಈ ತಂಡದ ಬಗ್ಗೆ ದಿನಚರಿಯಲ್ಲಿ ಬರೆದಿಟ್ಟಿದ್ದರು. ಹಸಿವು ನಿಜ, ನಿರ್ದಯತೆ ಮಾತ್ರ ಹೇಳಿ ಮಾಡಿಸಿದ್ದು. ಯಾರು ತೆಗೆದರು, ಯಾಕೆ ತೆಗೆದರು ಎಂದು ಹೇಳದೆ ಇಂಥ ಶಾಟ್ ತೋರಿಸಿದರೆ ಕೊಂದವರ ಸುಳ್ಳನ್ನೇ ಮತ್ತೊಮ್ಮೆ ಹರಡಿದಂತಾಗುತ್ತದೆ.

ಶಿಬಿರಗಳ ದೃಶ್ಯಗಳೇ ಸುಳ್ಳೆಂಬ ಆರೋಪ ಬರಬಹುದೆಂದು 1945ರಲ್ಲೇ ಊಹಿಸಿದವರಿದ್ದರು. ಜರ್ಮನಿಯ ಬೆರ್ಗೆನ್-ಬೆಲ್ಸೆನ್ ನಾಜಿ ಶಿಬಿರದ ದೃಶ್ಯಗಳನ್ನು ಜೋಡಿಸುತ್ತಿದ್ದ ಬ್ರಿಟಿಷ್ ತಂಡಕ್ಕೆ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಕೊಟ್ಟ ಸಲಹೆ ಇದು: ನಡುವೆ ಕತ್ತರಿಸದ ಉದ್ದನೆಯ ಶಾಟ್‌ಗಳನ್ನು ಆದಷ್ಟು ಬಳಸಿ. ನೋಡುತ್ತ ನಿಂತ ಊರಿನವರಿಂದ ಹೆಣಗಳವರೆಗೆ ಕ್ಯಾಮೆರಾ ಒಂದೇ ಓಟದಲ್ಲಿ ತಿರುಗಿದರೆ, ಎರಡನ್ನೂ ಬೇರೆ ಕಡೆ ತೆಗೆದು ಅಂಟಿಸಿದ್ದಾರೆ ಎನ್ನಲು ಜಾಗವಿಲ್ಲ. ಆ ಚಿತ್ರವನ್ನು ಬ್ರಿಟನ್ ಮೂಲೆಗಿಟ್ಟಿತು. ಇಂಪೀರಿಯಲ್ ವಾರ್ ಮ್ಯೂಸಿಯಂ ಅದನ್ನು ಪೂರ್ಣಗೊಳಿಸಿದ್ದು 2014ರಲ್ಲಿ.

ಎಲ್ಲರೂ ಅಷ್ಟು ಎಚ್ಚರ ವಹಿಸಲಿಲ್ಲ. ನಾಜಿ ಶಿಬಿರಗಳ ಬಗ್ಗೆ ಫ್ರೆಂಚ್ ನಿರ್ದೇಶಕ ಅಲೆನ್ ರೆನೆ ಮಾಡಿದ ಸಾಕ್ಷ್ಯಚಿತ್ರ 'ನೈಟ್ ಅಂಡ್ ಫಾಗ್' ಮನಸ್ಸನ್ನು ಅಲ್ಲಾಡಿಸುವ ಚಿತ್ರ, ಅನುಮಾನವಿಲ್ಲ. ಆದರೂ ಪೋಲೆಂಡಿನ 1948ರ ಕಥಾಚಿತ್ರವೊಂದರ ಶಾಟ್ ಅದರಲ್ಲಿ ಹೆಸರಿಲ್ಲದೆ ದಾಖಲೆ ದೃಶ್ಯಗಳೊಂದಿಗೆ ಸೇರಿಹೋಗಿದೆ. ಯಹೂದಿಗಳ ನರಮೇಧವೇ (ಹಾಲೊಕಾಸ್ಟ್) ನಡೆದಿಲ್ಲ ಎನ್ನುವವರು ಹುಡುಕುವುದು ಇಂಥ ಬಿರುಕನ್ನೇ.

ಫ್ರೆಂಚ್ ನಿರ್ದೇಶಕ ಕ್ಲೋಡ್ ಲಾಂಜ್‌ಮನ್ ಹಳೆಯ ದೃಶ್ಯಗಳನ್ನೇ ಕೈಬಿಟ್ಟರು. 1985ರಲ್ಲಿ ಬಂದ, ಒಂಬತ್ತು ಗಂಟೆಗೂ ಮೀರಿದ 'ಶೋಆ' (ಹಾಲೊಕಾಸ್ಟ್‌ಗೆ ಹೀಬ್ರೂ ಹೆಸರು) ಚಿತ್ರದಲ್ಲಿ ಇರುವುದು ಬದುಕುಳಿದವರು, ನೋಡಿದವರು, ಕೊಂದವರು ಮತ್ತು ಆ ಜಾಗಗಳು ಮಾತ್ರ. ಟ್ರೆಬ್ಲಿಂಕಾದಲ್ಲಿ ಕೆಲಸ ಮಾಡಿದ್ದ ನಾಜಿ ಪಡೆ ಎಸ್‌ಎಸ್‌ನ ಫ್ರಾನ್ಸ್ ಸುಖೋಮೆಲ್‌ನನ್ನು ಗುಪ್ತ ಕ್ಯಾಮೆರಾದಿಂದ ತೆಗೆದರು. ಅದರ ಸಿಗ್ನಲ್ ಹೊರಗೆ ನಿಂತ ವ್ಯಾನಿಗೆ ಹೋಗುತ್ತಿತ್ತು. ಚಿತ್ರದಲ್ಲಿ ಬಳಸದೆ ಉಳಿದ 200 ಗಂಟೆಗೂ ಹೆಚ್ಚಿನ ದೃಶ್ಯಗಳನ್ನು ಈಗ ವಾಷಿಂಗ್ಟನ್ನಿನ ಹಾಲೊಕಾಸ್ಟ್ ಮ್ಯೂಸಿಯಂ ಕಾಪಾಡುತ್ತಿದೆ.

'ಷಿಂಡ್ಲರ್ಸ್ ಲಿಸ್ಟ್' ಚಿತ್ರದ ನಂತರ ಸ್ಟೀವನ್ ಸ್ಪೀಲ್‌ಬರ್ಗ್ 1994ರಲ್ಲಿ ಶೋಆ ಫೌಂಡೇಶನ್ ಸ್ಥಾಪಿಸಿದರು. ಅಲ್ಲಿ 50,000ಕ್ಕೂ ಹೆಚ್ಚು ವಿಡಿಯೋ ಸಾಕ್ಷ್ಯಗಳಿವೆ. ಒಂದೊಂದು ನಿಮಿಷದ ಲೆಕ್ಕದಲ್ಲಿ ಊರು, ಶಿಬಿರ, ಘಟನೆಗಳ ಸೂಚಿ ಮಾಡಿರುವುದರಿಂದ, ಒಂದು ಊರಿನ ಬಗ್ಗೆ ಹತ್ತು ಜನ ಹೇಳಿದ್ದನ್ನು ಎದುರುಬದುರು ಇಟ್ಟು ತಾಳೆ ನೋಡಬಹುದು.