ಒಂದು ಕಡಿದರೆ ಎರಡು ನೆಡ್ತಾರಲ್ಲ ಸಾರ್?

ಪ್ರಶ್ನೆ: ಸ್ವೀಡನ್, ಫಿನ್‌ಲ್ಯಾಂಡ್‌ಗಳಲ್ಲಿ ಕಡಿದ ಜಾಗದಲ್ಲೆಲ್ಲ ಮತ್ತೆ ಗಿಡ ನೆಡುತ್ತಾರಂತೆ. ನೂರು ವರ್ಷದ ಹಿಂದಿಗಿಂತ ಈಗಲೇ ಮರ ಹೆಚ್ಚಂತೆ. ಮತ್ತೇಕೆ ಅಲ್ಲಿನ ಕಾಡು ಉಳಿಸಿ ಎಂಬ ಕೂಗು?

ಉತ್ತರ: ಇದಕ್ಕೆ ಬರೆದು ಬರೆದು ಕೈ ಸೋತಿದೆ. ಇರಲಿ, ಇನ್ನೊಮ್ಮೆ.

ನೀವು ಕೇಳಿದ್ದು ಸುಳ್ಳಲ್ಲ. ಕಡಿದವರೇ ಮತ್ತೆ ಬೆಳೆಸಬೇಕೆಂಬ ಕಾನೂನು ಸ್ವೀಡನ್ನಿನಲ್ಲಿ 1903ರಿಂದಲೇ ಇದೆ. 1920ರ ದಶಕಕ್ಕೆ ಹೋಲಿಸಿದರೆ ಅಲ್ಲಿ ನಿಂತಿರುವ ಮರದ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗಿದೆ. ಎಡವಟ್ಟಾಗುವುದು ಮರ ಎಣಿಸಿ ಅದನ್ನೇ ಕಾಡು ಎನ್ನುವಲ್ಲಿ. ಅಕೇಶಿಯಾ ತೋಪಿನ ಪಕ್ಕದಲ್ಲೇ ಬದುಕುವ ಮಲೆನಾಡಿನವರೂ ಈ ಪ್ರಶ್ನೆ ಕೇಳಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಫಿನ್‌ಲ್ಯಾಂಡಿನವರು ‘ಕೆಲೊ’ ಎನ್ನುವ ಮರವನ್ನೇ ತೆಗೆದುಕೊಳ್ಳಿ. ಇನ್ನೂರು ಮುನ್ನೂರು ವರ್ಷ ಬದುಕಿ ನಿಂತಲ್ಲೇ ಸತ್ತ ಪೈನ್ ಅದು. ತೊಗಟೆ ಕಳಚಿ, ಮೈ ಬೆಳ್ಳಿಬೂದಿಗೆ ತಿರುಗಿ, ಒಳಗಿನ ರಾಳದ ದೆಸೆಯಿಂದ ಬೇಗ ಕೊಳೆಯದೆ ಮತ್ತೆ ನೂರಾರು ವರ್ಷ ಹಾಗೇ ನಿಂತಿರುತ್ತದೆ. ಆ ದೇಶದಲ್ಲಿ ಸತ್ತ ಮರವನ್ನೇ ನೆಚ್ಚಿದ ಜೀರುಂಡೆ, ಅಣಬೆ ಮುಂತಾದ ಪ್ರಭೇದಗಳು 4,000ದಿಂದ 5,000. ಕಾಡುಜೀವಿಗಳಲ್ಲಿ ಅವು ಸುಮಾರು ಕಾಲು ಭಾಗ. ದಕ್ಷಿಣ ಫಿನ್‌ಲ್ಯಾಂಡಿನ ಹಳೆಯ ಸಹಜ ಕಾಡಿನಲ್ಲಿ ಹೆಕ್ಟೇರಿಗೆ 60ರಿಂದ 120 ಘನ ಮೀಟರ್ ಸತ್ತ ಮರವಿದ್ದರೆ, ಕೊಯ್ಲಿಗೆಂದು ಬೆಳೆಸಿದಲ್ಲಿ ಸಿಗುವುದು ಬೆರಳೆಣಿಕೆಯಷ್ಟು. ನೆಟ್ಟ ಮರಕ್ಕೆ ಸಾಮಾನ್ಯವಾಗಿ ಅರವತ್ತರಿಂದ ನೂರು ವರ್ಷಕ್ಕೇ ಗರಗಸ. ಅಲ್ಲಿ ಕೆಲೊ ಎಲ್ಲಿಂದ ಬರಬೇಕು?

ಇಷ್ಟು ಹೇಳಿದ ಮೇಲೆ ‘ಹೇಗೂ ಕಾಡ್ಗಿಚ್ಚು ಸುಡುತ್ತದಲ್ಲ’ ಎನ್ನುವವರು ಬರುತ್ತಾರೆ. ಸುಡುತ್ತದೆ, ನಿಜ. ಆದರೆ ಕಿಚ್ಚು ಬಿದ್ದಲ್ಲಿ ಸುಟ್ಟ ಕಾಂಡ ಅಲ್ಲೇ ಉಳಿಯುತ್ತದೆ, ಗರಗಸ ಬಿದ್ದಲ್ಲಿ ಕಾಂಡ ಲಾರಿ ಹತ್ತುತ್ತದೆ.

ಹಾಗೆಂದು ಮರವನ್ನೇ ಮುಟ್ಟಬೇಡಿ ಎಂದು ನಾನೇನೂ ಹೇಳುತ್ತಿಲ್ಲ. ಅಳಿದುಳಿದ ಹಳೆಯ ಕಾಡನ್ನೆಲ್ಲ ಕಟ್ಟುನಿಟ್ಟಾಗಿ ಕಾಯಬೇಕೆಂದು ಐರೋಪ್ಯ ಒಕ್ಕೂಟ 2020ರ ತನ್ನ ಕಾರ್ಯನೀತಿಯಲ್ಲೇ ಬರೆದುಕೊಂಡಿದೆ. ಯಾವುದು ‘ಹಳೆಯ’ ಕಾಡು ಎಂಬಲ್ಲೇ ಜಗಳ.

ಹಿಮಸಾರಂಗದ ವಿಷಯ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಾವು ಮಸಾಲೆಗೆ ಹಾಕುವ ಕಲ್ಲುಹೂವು ಇದೆಯಲ್ಲ, ಅದರ ಬಳಗದವೇ ಚಳಿಗಾಲದಲ್ಲಿ ಅವಕ್ಕೆ ಮೇವು. ಗೊರಸಿನಿಂದ ಹಿಮ ಕೆದಕಿ ತಿನ್ನುತ್ತವೆ. ಸ್ವೀಡನ್ನಿನಲ್ಲಿ ಇಂಥ ಮೇವು ನೆಲದಲ್ಲಿ ಹೇರಳವಾಗಿದ್ದ ಕಾಡು ಸುಮಾರು 60 ವರ್ಷಗಳಲ್ಲಿ ಶೇ. 71ರಷ್ಟು ಕುಗ್ಗಿದೆ. ಇದ್ದ ಕಡೆಯೂ ಹಿಮದ ಮೇಲೆ ಮಳೆ ಸುರಿದು ಹೆಪ್ಪುಗಟ್ಟಿದರೆ ಗೊರಸು ಇಳಿಯುವುದಿಲ್ಲ. ಆಗ ಗತಿ, ಮುದಿ ಸ್ಪ್ರೂಸ್ ಮರಗಳ ಕೊಂಬೆಯಿಂದ ಕಪ್ಪು ಗಡ್ಡದ ಹಾಗೆ ಜೋತಾಡುವ, ಅದೇ ಬಳಗದ ಇನ್ನೊಂದು ಬಗೆ. ಹಿಂದೆಲ್ಲ ಇಂಥ ವರ್ಷ ಬಂದರೆ, ನಾವು ಆಡಿಗೆ ಸೊಪ್ಪು ಕಡಿದು ಹಾಕುವಂತೆ, ಹಿಮಸಾರಂಗ ಸಾಕುವ ಅಲ್ಲಿನ ಮೂಲನಿವಾಸಿ ಸಾಮಿ ಜನ ಒಂದೆರಡು ಮರ ಕೆಡವಿ ಮಂದೆಯನ್ನು ಬಿಡುತ್ತಿದ್ದರು. ಈಗ ಹಾಗೆ ಕೆಡವೋಣವೆಂದರೆ ಗಡ್ಡ ಬಿಟ್ಟ ಮರವೇ ಸಿಗದ ಕಡೆ, ಚೀಲದ ಮೇವು ಕೊಂಡು ತಂದು ಸುರಿಯುತ್ತಾರೆ.