ದೋಣಿಮನೆಗೆ ಕರೆಂಟು ಎಲ್ಲಿಂದ?

ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟ್ ಅಂತ ಉಕ್ಕಿನ ದೋಣಿಗಳಿವೆ. ಉದ್ದ 70 ಅಡಿಯವರೆಗೂ ಇರುತ್ತದೆ, ಅಗಲ ಮಾತ್ರ 7 ಅಡಿಗೂ ಚೂರು ಕಡಿಮೆ. ನಮ್ಮ ರೈಲು ಬೋಗಿಗಿಂತಲೂ ಇಕ್ಕಟ್ಟು. ಒಂದು ಕಾಲದಲ್ಲಿ ಇಂಥ ದೋಣಿಗಳು ಕಲ್ಲಿದ್ದಲು ಹೊರುತ್ತಿದ್ದವು. ಈಗ ಅವುಗಳಲ್ಲಿ ಜನ ಸಂಸಾರ ಹೂಡಿದ್ದಾರೆ. ಕಾಯಂ ತಂಗುದಾಣ ಇಲ್ಲದವರು ಸಾಮಾನ್ಯವಾಗಿ ಒಂದೇ ಕಡೆ 14 ದಿನಕ್ಕಿಂತ ಜಾಸ್ತಿ ನಿಲ್ಲುವಂತಿಲ್ಲ. 1995ರ ಕಾಯ್ದೆಯಲ್ಲೇ ಹಾಗಿದೆ. ಹೀಗೆ ಊರೂರು ತಿರುಗುವ ಮನೆಗೆ ಕರೆಂಟು ಕಂಬದಿಂದ ತಂತಿ ಎಳೆಯೋದು ಆಗದ ಮಾತು.

ಅಲ್ಲಿರೋದು ನಮಗೆ ಗೊತ್ತಿರುವ ಸಾಮಾನೇ. ಲೋಡ್ ಶೆಡ್ಡಿಂಗ್ ಕಾಲದಲ್ಲಿ ನಾವು ಮನೆಗೆ ತಂದಿಟ್ಟ ಯುಪಿಎಸ್ ನೆನಪಿಸಿಕೊಳ್ಳಿ. ಬ್ಯಾಟರಿ, ಇನ್ವರ್ಟರ್, ಆಗಾಗ ಡಿಸ್ಟಿಲ್ಡ್ ವಾಟರ್. ನಮಗೆ ಅದು ಕರೆಂಟು ಹೋದಾಗಿನ ಆಸರೆ, ಅವರಿಗೆ ದಿನವಿಡೀ ಅದೇ ಗತಿ. ಎಂಜಿನ್ ಸ್ಟಾರ್ಟ್ ಮಾಡಲು ಒಂದು ಬ್ಯಾಟರಿ, ಮನೆಬಳಕೆಗೆ ಬೇರೆಯೇ ಮೂರೋ ನಾಲ್ಕೋ. ಎರಡನ್ನೂ ಬೇರೆ ಇಡದಿದ್ದರೆ ರಾತ್ರಿ ಫ್ರಿಜ್ ಎಲ್ಲ ಕುಡಿದುಬಿಟ್ಟು ಬೆಳಿಗ್ಗೆ ಎಂಜಿನ್ನೇ ಏಳುವುದಿಲ್ಲ.

ದೀಪ, ನೀರಿನ ಪಂಪು, ಫ್ರಿಜ್ ಎಲ್ಲವೂ 12 ವೋಲ್ಟ್‌ನವು. ವೋಲ್ಟೇಜ್ ಕಡಿಮೆಯಾದರೆ ಅದೇ ಕೆಲಸಕ್ಕೆ ಹೆಚ್ಚು ಆಂಪಿಯರ್ ಬೇಕು. 2000 ವ್ಯಾಟ್‌ನ ಕೆಟಲ್ ತಗೊಳ್ಳಿ. ಮನೆಯ 230 ವೋಲ್ಟ್‌ನಲ್ಲಿ ಅದು ಎಳೆಯೋದು 9 ಆಂಪಿಯರ್‌ಗೂ ಕಡಿಮೆ. ದೋಣಿಯಲ್ಲಿ ಇನ್ವರ್ಟರ್ ಹಾಕಿ ಅದನ್ನೇ ನಡೆಸಿದರೆ ಬ್ಯಾಟರಿಯಿಂದ ಹತ್ತಿರ ಹತ್ತಿರ 185 ಆಂಪಿಯರ್ ಹರಿಯಬೇಕು! ಮೂರು ನಿಮಿಷ ಕಾಯಿಸಿದರೆ ಸುಮಾರು 9 ಎಎಚ್ (ಆಂಪಿಯರ್-ಅವರ್, ಅಂದರೆ ಒಂದು ಆಂಪಿಯರ್‌ನಂತೆ 9 ಗಂಟೆ ಹರಿಯುವಷ್ಟು) ಖಾಲಿ. ಅಷ್ಟರಲ್ಲಿ 3 ವ್ಯಾಟ್‌ನ ಎಲ್‌ಇಡಿ ದೀಪವೊಂದು 36 ಗಂಟೆ ಉರಿಯುತ್ತಿತ್ತು. ಅದಕ್ಕೇ ಚಹಾಕ್ಕೆ ಗ್ಯಾಸ್ ಒಲೆ, ಚಳಿಗೆ ಕಲ್ಲಿದ್ದಲಿನದೋ ಸೌದೆಯದೋ ಒಲೆ. ತಂತಿಯ ವಿಷಯವೂ ಹಾಗೇ. ದಾರಿಯಲ್ಲಿ ಒಂದು ವೋಲ್ಟ್ ಸೋರಿದರೆ ನಮ್ಮ ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಅಲ್ಲಿ ಫ್ರಿಜ್ 'ಬ್ಯಾಟರಿ ಮುಗೀತು' ಅಂದುಕೊಂಡು ಆಫ್ ಆಗಬಹುದು. ಉದ್ದ ದೋಣಿಯಲ್ಲಿ ದಪ್ಪ ತಂತಿ ಹಾಕಲೇಬೇಕು.

ಸರಿ, ಖಾಲಿಯಾದದ್ದನ್ನು ತುಂಬಿಸೋದು ಹೇಗೆ? ಎಂಜಿನ್ ಓಡುವಾಗ ಆಲ್ಟರ್ನೇಟರ್ ತಿರುಗಿ ಕರೆಂಟು ಕೊಡುತ್ತದೆ. ಎರಡು ಗಂಟೆ ಓಡಿಸಿದರೆ ಆಯ್ತಲ್ಲ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಎಡವುವುದು ಇಲ್ಲೇ. ಸೀಸ-ಆಸಿಡ್ ಬ್ಯಾಟರಿಗೆ ಚಾರ್ಜ್ ತುಂಬುವುದು ಖಾಲಿ ಬಸ್ಸಿಗೆ ಜನ ಹತ್ತಿದ ಹಾಗೆ. ಮೊದಲು ನುಗ್ಗಿ ಕೂರುತ್ತಾರೆ. ಕೊನೆಯಲ್ಲಿ ಹತ್ತಿದವರು 'ಸ್ವಲ್ಪ ಸರೀರಿ' ಅನ್ನುತ್ತಾ ಒಂದೊಂದೇ ಸೀಟು ಹುಡುಕಬೇಕು. ಬ್ಯಾಟರಿ ಖಾಲಿಯಾಗುವಾಗ ಒಳಗಿನ ಪ್ಲೇಟಿನ ಮೇಲೆ ಕೂತ ಲೆಡ್ ಸಲ್ಫೇಟ್ ಕರಗುತ್ತ ಬಂದ ಹಾಗೆ ಚಾರ್ಜ್ ಹಿಡಿಯುವ ಜಾಗ ಕಡಿಮೆಯಾಗುತ್ತದೆ. ಬಲವಂತ ಮಾಡಿದರೆ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗುತ್ತದೆ, ಅಷ್ಟೇ. ಮುಕ್ಕಾಲು ಭಾಗ ಬೇಗ ತುಂಬುತ್ತದೆ; ಮಿಕ್ಕಿದ್ದಕ್ಕೆ ಗಂಟೆಗಟ್ಟಲೆ ಕಾಯಬೇಕು. 440 ಎಎಚ್ ಬ್ಯಾಟರಿಗಳು 14.4 ವೋಲ್ಟ್ ಆಸುಪಾಸಿನಲ್ಲಿ ಚಾರ್ಜ್ ಮಾಡುವಾಗಲೂ ಬರೀ 4ರಿಂದ 8 ಆಂಪಿಯರ್ ಎಳೆಯುತ್ತಿದ್ದರೆ ತುಂಬಿತು ಅಂತ ಲೆಕ್ಕ.

ಅರ್ಧಕ್ಕೇ ಬಿಟ್ಟರೆ ಉಳಿದ ಸಲ್ಫೇಟ್ ಗಟ್ಟಿ ಹರಳಾಗಿ ಕೂತುಬಿಡುತ್ತದೆ, ಬ್ಯಾಟರಿಯ ಆಯುಸ್ಸು ತಿನ್ನುತ್ತದೆ. ದೋಣಿಯವರ ಬ್ಯಾಟರಿಗಳು ಸುಮ್ನೆ ಹಳತಾಗಿ ಸಾಯುವುದಕ್ಕಿಂತ ಅರೆಹೊಟ್ಟೆಯಲ್ಲಿ ಸಾಯುವುದೇ ಜಾಸ್ತಿ ಅನ್ನಿಸುತ್ತದೆ ನನಗೆ. ರಾತ್ರಿಯಿಡೀ ಎಂಜಿನ್ ಓಡಿಸೋಣ ಅಂದರೆ ಅದೂ ಆಗದು. ಕಾಲುವೆಗಳನ್ನು ನೋಡಿಕೊಳ್ಳುವ ಟ್ರಸ್ಟಿನ ನಿಯಮದ ಪ್ರಕಾರ, ಕಟ್ಟಿ ನಿಲ್ಲಿಸಿದ ದೋಣಿಯ ಎಂಜಿನ್ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಸದ್ದು ಮಾಡುವಂತಿಲ್ಲ. ಪಕ್ಕದ ದೋಣಿಯವರೂ ಮಲಗಬೇಕಲ್ವಾ?

ಆ ಕೊನೆಯ ಸೀಟುಗಳನ್ನು ತುಂಬಲು ಸೋಲಾರ್ ಪ್ಯಾನೆಲ್ ಹೇಳಿ ಮಾಡಿಸಿದ್ದು. ಸದ್ದಿಲ್ಲದೆ, ನಿಧಾನವಾಗಿ, ದಿನವೆಲ್ಲ ಕೊಡುತ್ತದೆ. ಆದರೆ ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನ ನಡು ಮಧ್ಯಾಹ್ನದ ಸೂರ್ಯ ಬರೀ 15 ಡಿಗ್ರಿ ಎತ್ತರ; ಅದೇ ದಿನ ಬೆಂಗಳೂರಿನಲ್ಲಿ ಸುಮಾರು 54. ಹಗಲು ಎಂಟು ಗಂಟೆಯೂ ಇಲ್ಲ, ಮೇಲೆ ಮೋಡ ಬೇರೆ. ದೀಪ ಹೆಚ್ಚು ಹೊತ್ತು ಬೇಕಾದಾಗಲೇ ಪ್ಯಾನೆಲ್ ಕೈಕೊಡುತ್ತದೆ.

ಲಿಥಿಯಂ ಬ್ಯಾಟರಿಗೆ ಈ ಕೊನೆಯ ಸೀಟಿನ ಕಾಟ ಅಷ್ಟಿಲ್ಲ. ಕೊಟ್ಟಷ್ಟನ್ನೂ ನುಂಗುತ್ತದೆ. ನುಂಗಿ ನುಂಗಿ ಆಲ್ಟರ್ನೇಟರನ್ನೇ ಬಿಸಿಯಾಗಿಸಿ ಸುಟ್ಟುಬಿಡಬಹುದು! ಹಾಗಾಗಿ ಮಧ್ಯೆ ಕರೆಂಟಿಗೆ ಮಿತಿ ಹಾಕುವ ಚಾರ್ಜರ್ ಇಡುತ್ತಾರೆ.

ತಂಗುದಾಣದಲ್ಲಿ ದಡದ ಪ್ಲಗ್ ಸಿಕ್ಕಿದರೆ ಈ ತಾಪತ್ರಯ ಇಲ್ಲ, ಆದರೆ ಇನ್ನೊಂದು ಶುರು. ಪ್ಲಗ್ಗಿನ ಅರ್ಥ್ ತಂತಿ ಸಾಲಿನ ದೋಣಿಗಳನ್ನೆಲ್ಲ ಒಂದಕ್ಕೊಂದು ಜೋಡಿಸುತ್ತದೆ. ಬೇರೆ ಬೇರೆ ಲೋಹ, ನಡುವೆ ಕಾಲುವೆ ನೀರು: ಯಾರೂ ಕೇಳದ ಬ್ಯಾಟರಿಯೊಂದು ತಾನಾಗಿ ತಯಾರು. ಅದು ಸವೆಸುವುದು ದೋಣಿಯ ತಳದ ಉಕ್ಕನ್ನು. ಅರ್ಥ್ ತಂತಿಗೆ ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿದರೆ ಅದರೊಳಗಿನ ಡಯೋಡುಗಳು ಸುಮಾರು 1.2 ವೋಲ್ಟ್‌ವರೆಗಿನ ಈ ಸಣ್ಣ ಕಳ್ಳ ಕರೆಂಟನ್ನು ತಡೆಯುತ್ತವೆ. ಅಪಾಯದ ದೊಡ್ಡ ಕರೆಂಟು ಬಂದರೆ ದಾರಿ ಬಿಡುತ್ತವೆ. ಜೊತೆಗೆ ನೀರಿನ ಮಟ್ಟದ ಕೆಳಗೆ ಮೆಗ್ನೀಷಿಯಂ ಗಟ್ಟಿಗಳನ್ನು ಬೆಸೆದಿರುತ್ತಾರೆ, ಉಕ್ಕಿಗಿಂತ ಮೊದಲು ಅವೇ ಕರಗಲಿ ಅಂತ. ಕೆಲವು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದ ಮೇಲೆತ್ತಿದಾಗ ಎಲ್ಲರೂ ಮೊದಲು ಬಗ್ಗಿ ನೋಡುವುದು ಅವನ್ನೇ.